ಗೋಡೆಗೆ ಕಿವಿ ಇರಲಿ, ಆದರೆ ನಮ್ಮದಿರಲಿ

ನಿಮ್ಮದೊಂದು ಪುಟ್ಟ ದೇಶ ಅಂದುಕೊಳ್ಳಿ. ಇಷ್ಟು ವರ್ಷ ನಿಮ್ಮನ್ನು ಕೇಳುವವರು ಯಾರೂ ಇರಲಿಲ್ಲ. ಒಂದು ದಿನ ಸುಮ್ನೆ, "ನಾವೂ 5ಜಿ ಹಾಕಿಸೋಣ ಅಂತಿದ್ದೇವೆ" ಎಂದು ಬಾಯಿಬಿಡಿ. ಆಮೇಲೆ ನೋಡಿ, ಕೇಳುವವರೋ ಕೇಳುವವರು. ಎರಡೂ ಅರ್ಥದಲ್ಲಿ.

ಮೊದಲು ಬೀಜಿಂಗ್‌ನಿಂದ ಒಬ್ಬರು ಬರುತ್ತಾರೆ. ಟವರ್ ನಾವು ಹಾಕುತ್ತೇವೆ, ಸಾಲವನ್ನೂ ನಾವೇ ಕೊಡುತ್ತೇವೆ, ನಿಧಾನಕ್ಕೆ ತೀರಿಸಿ ಎನ್ನುತ್ತಾರೆ. ಅವರು ಮೆಟ್ಟಿಲಿಳಿಯುವ ಮೊದಲೇ ವಾಷಿಂಗ್ಟನ್‌ನವರು ಓಡೋಡಿ ಬರುತ್ತಾರೆ. ಅಯ್ಯೋ, ಆ ಪೆಟ್ಟಿಗೆ ಮುಟ್ಟಬೇಡಿ, ಅದಕ್ಕೆ ಕಿವಿ ಇದೆ! ನಿಮಗೆ ಬೇಕಾಗಿರುವುದು ಸುರಕ್ಷಿತ, ನಂಬಿಕಸ್ಥ, ಪರಕೀಯರ ನೆರಳಿಲ್ಲದ ಜಾಲ. ಇದನ್ನು ಸಾವಿರಾರು ಮೈಲಿ ದೂರದಿಂದ ಬಂದ ಪರಕೀಯರೇ ನಿಮಗೆ ತಿಳಿಸಿ ಹೇಳುತ್ತಾರೆ.

ಎಚ್ಚರಿಕೆ ಸುಳ್ಳೇನಲ್ಲ. ಸಂಸ್ಥೆಗಳೂ ಜನರೂ ಬೇಹುಗಾರಿಕೆ ಕೆಲಸಕ್ಕೆ ಸಹಕರಿಸಲೇಬೇಕು ಎಂದು ಚೀನಾ 2017ರಲ್ಲಿ ಕಾನೂನನ್ನೇ ಮಾಡಿಕೊಂಡಿದೆ. ಆಡಿಸ್ ಅಬಾಬಾದಲ್ಲಿ ಆಫ್ರಿಕನ್ ಒಕ್ಕೂಟಕ್ಕೆ ಚೀನಾ ಒಂದು ದೊಡ್ಡ ಕಟ್ಟಡ ಕಟ್ಟಿಸಿ ಉಡುಗೊರೆ ಕೊಟ್ಟಿತು. ಅಲ್ಲಿನ ಕಂಪ್ಯೂಟರ್‌ಗಳ ಮಾಹಿತಿ ದಿನಾ ನಡುರಾತ್ರಿ ಶಾಂಘೈಗೆ ಹೋಗುತ್ತಿತ್ತು ಎಂದು 2018ರಲ್ಲಿ ಫ್ರಾನ್ಸ್‌ನ ಲ ಮಾಂಡ್ ಪತ್ರಿಕೆ ಬರೆಯಿತು. ಚೀನಾ ಇಲ್ಲವೇ ಇಲ್ಲ ಎಂದಿತು. ಎನ್ನದೆ ಇನ್ನೇನು ಮಾಡೀತು?

ಆದರೆ ಬುದ್ಧಿ ಹೇಳುವವರ ಚರಿತ್ರೆಯೂ ಸ್ವಲ್ಪ ಗೊತ್ತಿರಬೇಕು, ಅಲ್ವಾ?

ಸ್ವಿಟ್ಜರ್ಲೆಂಡ್‌ನಲ್ಲಿ ಕ್ರಿಪ್ಟೋ ಎಜಿ ಎಂಬ ಕಂಪನಿ ಇತ್ತು. ಗುಟ್ಟಿನ ಸಂದೇಶಗಳನ್ನು ಸಂಕೇತಕ್ಕೆ ತಿರುಗಿಸುವ ಯಂತ್ರ ಮಾರುತ್ತಿತ್ತು. ತಟಸ್ಥ ದೇಶದ ಮಾಲು, ಇನ್ನೇನು ಭಯ? ಸುಮಾರು 120 ದೇಶಗಳು ಕೊಂಡವು. ಭಾರತವೂ ಕೊಂಡಿತು, ಪಾಕಿಸ್ತಾನವೂ ಕೊಂಡಿತು. ಪಾಪ, ಆ ಒಂದು ವಿಷಯದಲ್ಲಾದರೂ ಇಬ್ಬರಿಗೂ ಒಂದೇ ಅಂಗಡಿ. ಕಂಪನಿಯನ್ನು 1970ರಲ್ಲೇ ಅಮೆರಿಕದ ಸಿಐಎ ಮತ್ತು ಪಶ್ಚಿಮ ಜರ್ಮನಿಯ ಗೂಢಚಾರ ಸಂಸ್ಥೆ ಸೇರಿ ಗುಟ್ಟಾಗಿ ಕೊಂಡಿದ್ದವು. ಯಂತ್ರಗಳನ್ನು ತಮಗೆ ಓದಲು ಬರುವ ಹಾಗೆ ತಿದ್ದಿಸಿದ್ದವು. ಜರ್ಮನಿಯವರು 1993ರಲ್ಲಿ ಕೈತೊಳೆದುಕೊಂಡರು. ಸಿಐಎ 2018ರವರೆಗೂ ವ್ಯಾಪಾರ ನಡೆಸಿತು. ಕದ್ದು ಕೇಳುವುದಕ್ಕೆ ಖರ್ಚಾಗುತ್ತದೆ ಎಂದು ಯಾರಾದರೂ ಹೇಳಿದರೆ ನಂಬಬೇಡಿ. ಇಲ್ಲಿ ಕೇಳಿಸಿಕೊಂಡವರಿಗೇ ಲಾಭ ಬಂತು.

ಗುಟ್ಟು ಪೂರ್ತಿ ಹೊರಬಿದ್ದ ಮುಹೂರ್ತವನ್ನೂ ನೋಡಿ. 2020ರ ಫೆಬ್ರವರಿ 11. ಅದೇ ವಾರ ಮ್ಯೂನಿಕ್‌ನ ಭದ್ರತಾ ಸಮ್ಮೇಳನದಲ್ಲಿ ಅಮೆರಿಕದ ರಕ್ಷಣಾ ಕಾರ್ಯದರ್ಶಿ ಮಾರ್ಕ್ ಎಸ್ಪರ್ ವೇದಿಕೆ ಹತ್ತಿ, ಚೀನಾದ ದೂರಸಂಪರ್ಕ ಕಂಪನಿ ಹ್ವಾವೇಯ ಸಾಮಾನು ಬೇಡ, ಅಪಾಯ ಎಂದು ಯುರೋಪಿನವರಿಗೆ ತಿಳಿಹೇಳಿದರು. ಕೇಳುತ್ತಾ ಕೂತವರಲ್ಲಿ ಜರ್ಮನಿಯವರೂ ಇದ್ದರು. ಅವರ ಚಾನ್ಸಲರ್ ಆಂಗೆಲಾ ಮರ್ಕೆಲ್ ಅವರ ಮೊಬೈಲನ್ನು ಅಮೆರಿಕದ ಕದ್ದಾಲಿಕೆ ಸಂಸ್ಥೆ ಎನ್‌ಎಸ್‌ಎ ಆಲಿಸುತ್ತಿದೆ ಎಂಬ ಸುದ್ದಿ 2013ರಲ್ಲೇ ಬಂದಿತ್ತು. ಆದರೂ ಯಾರೂ ಎದ್ದು ನಗಲಿಲ್ಲ. ರಾಜತಾಂತ್ರಿಕರಿಗೆ ಸಂಬಳ ಕೊಡುವುದು ಬಹುಶಃ ಇದಕ್ಕೇ ಇರಬೇಕು.

ಹ್ವಾವೇ ಪೆಟ್ಟಿಗೆಯೊಳಗೆ ಏನಿದೆ ಎಂದು ಅಮೆರಿಕಕ್ಕೆ ಹೇಗೆ ಗೊತ್ತು ಎನ್ನುತ್ತೀರಾ? ಅನುಭವದಿಂದ. ಹ್ವಾವೇಯ ಸರ್ವರ್‌ಗಳಿಗೆ ಎನ್‌ಎಸ್‌ಎ ಮೊದಲೇ ನುಗ್ಗಿ ಬಂದಿತ್ತು ಎಂಬುದು, ಎನ್‌ಎಸ್‌ಎಗೇ ಕೆಲಸ ಮಾಡಿದ್ದ ಎಡ್ವರ್ಡ್ ಸ್ನೋಡೆನ್ ಬಯಲು ಮಾಡಿದ ಕಡತಗಳಿಂದ 2014ರಲ್ಲಿ ಗೊತ್ತಾಯಿತು. ಅಮೆರಿಕದ ಸಾಮಾನು ಬೇಡವೆಂದು ಹ್ವಾವೇ ಕೊಂಡ ದೇಶಗಳ ಮಾತನ್ನು ಹ್ವಾವೇ ಯಂತ್ರದ ಮೂಲಕವೇ ಕೇಳುವುದು ಉದ್ದೇಶಗಳಲ್ಲೊಂದು. ಈ ಮನೆಗೆ ಕಳ್ಳರು ಸುಲಭವಾಗಿ ನುಗ್ಗಬಹುದು ಎಂದು ಕಿಟಕಿಯಿಂದ ಇಳಿಯುತ್ತಿರುವವನೇ ಹೇಳಿದರೆ ಅದು ತಜ್ಞರ ಅಭಿಪ್ರಾಯ ತಾನೇ?

ಸರಿ, ಹ್ವಾವೇ ಬೇಡ. ನಿಮ್ಮದನ್ನೇ ಕೊಡಿ ಎಂದರೆ ಅಮೆರಿಕದವರು ಸೂರು ನೋಡುತ್ತಾರೆ. ಅವರ ಬಳಿ ಈಗ ಅಂಥ ಸ್ವಂತ ದೊಡ್ಡ ಕಂಪನಿ ಇಲ್ಲ. ಟ್ರಾನ್ಸಿಸ್ಟರ್ ಹುಟ್ಟಿದ ಅಮೆರಿಕದ ಪ್ರಯೋಗಾಲಯ ಬೆಲ್ ಲ್ಯಾಬ್ಸ್ ಕೂಡ ಕೈ ಬದಲಾಗಿ ಬದಲಾಗಿ 2016ರಲ್ಲಿ ಫಿನ್‌ಲೆಂಡ್‌ನ ನೋಕಿಯಾ ಪಾಲಾಯಿತು. ನೋಕಿಯಾ ಕೊಳ್ಳಿ, ಸ್ವೀಡನ್‌ನ ಎರಿಕ್ಸನ್ ಕೊಳ್ಳಿ, ಕೊರಿಯಾದ ಸ್ಯಾಮ್‌ಸಂಗ್ ಕೊಳ್ಳಿ ಎನ್ನುತ್ತಾರೆ. 2020ರಲ್ಲಿ ಅಮೆರಿಕದ ಅಟಾರ್ನಿ ಜನರಲ್ ವಿಲಿಯಂ ಬಾರ್ ಅವರಂತೂ, ನೋಕಿಯಾ ಎರಿಕ್ಸನ್‌ಗಳಲ್ಲಿ ಹಿಡಿತ ಸಿಗುವಷ್ಟು ಪಾಲನ್ನು ಅಮೆರಿಕವೇ ಕೊಳ್ಳಬಹುದಲ್ಲ ಎಂದರು. ದೂರಸಂಪರ್ಕ ಕಂಪನಿಯ ಮೇಲೆ ಒಂದು ಸರ್ಕಾರದ ಹಿಡಿತ ಇರುವುದು ಎಷ್ಟು ಅಪಾಯ ಎಂದು ವಿವರಿಸುತ್ತಿದ್ದ ಹೊತ್ತಲ್ಲೇ.

ಮನೆಯೊಳಗಿನ ಕಥೆ ಬೇರೆ. ಅಮೆರಿಕದ ಸಣ್ಣ ಊರುಗಳ ಕಂಪನಿಗಳು ಅಗ್ಗಕ್ಕೆ ಸಿಕ್ಕಿತೆಂದು ಚೀನಾದ ಉಪಕರಣಗಳನ್ನೇ ಹಾಕಿಕೊಂಡಿದ್ದವು. ಕಿತ್ತುಹಾಕಿ, ದುಡ್ಡು ಕೊಡುತ್ತೇವೆ ಎಂದು 2020ರಲ್ಲಿ ಕಾನೂನಾಯಿತು. ಬೇಕಾದದ್ದು ಸುಮಾರು 498 ಕೋಟಿ ಡಾಲರ್, ಕೊಟ್ಟದ್ದು 190 ಕೋಟಿ. ಉಳಿದದ್ದನ್ನು ಕೊಡಲು ಸಂಸತ್ತು ಒಪ್ಪಿದ್ದು 2024ರ ಡಿಸೆಂಬರ್‌ನಲ್ಲಿ. ಅಲ್ಲಿಯವರೆಗೆ ಶತ್ರುವಿನ ಕಿವಿ ಕೆಲವು ಟವರ್‌ಗಳ ಮೇಲೆ ಆರಾಮಾಗಿ ಕೂತಿತ್ತು. ಅತ್ತ ಊರೂರು ತಿರುಗಿ ಎಚ್ಚರಿಸುವ ಕೆಲಸ ಮಾತ್ರ ಒಂದು ದಿನವೂ ನಿಲ್ಲಲಿಲ್ಲ.

ಈ ಗಲಾಟೆಯಲ್ಲಿ ಜಾಣತನ ತೋರಿಸಿದ್ದು ಪೆಸಿಫಿಕ್ ಸಾಗರದ ಪುಟ್ಟ ದೇಶ ಸಾಲೊಮನ್ ದ್ವೀಪಗಳು ಎಂದು ನನಗನ್ನಿಸುತ್ತದೆ. ಸಮುದ್ರದಡಿ ಕೇಬಲ್ ಹಾಕಲು ಹ್ವಾವೇ ಜೊತೆ ಮಾತಾಡಿಕೊಂಡರು. ಆಸ್ಟ್ರೇಲಿಯಾ ಬೆಚ್ಚಿಬಿದ್ದು, ಬಹುಪಾಲು ಖರ್ಚು ತಾನೇ ಹೊತ್ತು ಕೇಬಲ್ ಹಾಕಿಸಿಕೊಟ್ಟಿತು. 2022ರಲ್ಲಿ ನೋಡಿದರೆ, 161 ಹ್ವಾವೇ ಟವರ್‌ಗಳಿಗೆ ಚೀನಾದಿಂದಲೇ ಸುಮಾರು 6.6 ಕೋಟಿ ಡಾಲರ್ ಸಾಲ ಎತ್ತಿದರು! ನೀರಿನಡಿ ಒಬ್ಬರು, ನೆಲದ ಮೇಲೆ ಇನ್ನೊಬ್ಬರು. ಎರಡು ಕಿವಿ ಇದ್ದರೆ ತಾನೇ ಸಮತೋಲ?

ಇನ್ನು ಸುರಕ್ಷಿತ ಜಾಲದ ವಿಷಯಕ್ಕೆ ಬರೋಣ. 2024ರಲ್ಲಿ ಸಾಲ್ಟ್ ಟೈಫೂನ್ ಎಂಬ ಹೆಸರಿನ ಚೀನಾದ ಹ್ಯಾಕರ್‌ಗಳು ಅಮೆರಿಕದ ಎಟಿ ಆ್ಯಂಡ್ ಟಿ, ವೆರೈಝನ್ ಮುಂತಾದ ದೊಡ್ಡ ಕಂಪನಿಗಳ ಜಾಲಕ್ಕೆ ನುಗ್ಗಿದ್ದು ಬಯಲಾಯಿತು. ಪೊಲೀಸರು ಕೋರ್ಟ್ ಅನುಮತಿ ಪಡೆದು ಕದ್ದಾಲಿಸಲೆಂದು ಇಟ್ಟ ವ್ಯವಸ್ಥೆಗೂ ಅವರು ಕೈಹಾಕಿದ್ದರು. ಅಂಥ ವ್ಯವಸ್ಥೆ ಇರಲೇಬೇಕು ಎಂದು 1994ರ ಕಾನೂನು ಹೇಳುತ್ತದೆ. ಒಳ್ಳೆಯವರಿಗೆ ಮಾತ್ರ ತೆರೆದುಕೊಳ್ಳುವ ಕಳ್ಳಗಿಂಡಿ ಅದು. ಬಂದವರು ಒಳ್ಳೆಯವರೋ ಅಲ್ಲವೋ ಎಂದು ಗಿಂಡಿ ಕೇಳಲಿಲ್ಲ. ಕೊನೆಗೆ ಡಿಸೆಂಬರ್‌ನಲ್ಲಿ ಅಧಿಕಾರಿಗಳು ಜನರಿಗೆ, ಗೂಢಲಿಪಿ ಇರುವ ಆ್ಯಪ್‌ಗಳಲ್ಲೇ ಮಾತಾಡಿ ಎಂದು ಸಲಹೆ ಕೊಟ್ಟರು. ಸಲಹೆ ಕೊಟ್ಟವರಲ್ಲಿ ಅಮೆರಿಕದ ತನಿಖಾ ಸಂಸ್ಥೆ ಎಫ್‌ಬಿಐ ಕೂಡ ಇತ್ತು. ಆ ಗೂಢಲಿಪಿ ಒಡೆಯಲು ನಮಗೊಂದು ದಾರಿ ಬಿಡಿ ಎಂದು ವರ್ಷಗಟ್ಟಲೆ ಗೋಗರೆದದ್ದೂ ಅದೇ ಎಫ್‌ಬಿಐ.

ಎರಡೇ ತಿಂಗಳಲ್ಲಿ, 2025ರ ಫೆಬ್ರವರಿಯಲ್ಲಿ, ಆಪ್ತಮಿತ್ರ ಬ್ರಿಟನ್ ತನ್ನ ಪಾಲಿನ ಗಿಂಡಿ ಕೇಳಿತು. ಬಳಕೆದಾರರು ಬೀಗ ಹಾಕಿಟ್ಟ ಮಾಹಿತಿಗೆ ದಾರಿ ಕೊಡಿ ಎಂದು ಆಪಲ್‌ಗೆ ಗುಟ್ಟಿನ ಆದೇಶ ಹೋಗಿದ್ದು ಸುದ್ದಿಯಾಯಿತು. ಆಪಲ್ ಅಲ್ಲಿ ಆ ಬೀಗವನ್ನೇ ವಾಪಸ್ ತೆಗೆದುಕೊಂಡಿತು. ಇಂಥದ್ದನ್ನೆಲ್ಲ ಚೀನಾದಲ್ಲಿ ಮಾಡುತ್ತಾರೆ ಎಂದು ಕೇಳಿದ್ದೆವು ಎಂದು ಸ್ವತಃ ಟ್ರಂಪ್ ಬೇಸರಪಟ್ಟರು.

ಅಂದ ಹಾಗೆ, ಬ್ರಿಟನ್ ತನ್ನ 5ಜಿ ಜಾಲದಿಂದ ಹ್ವಾವೇ ಪೆಟ್ಟಿಗೆಗಳನ್ನು ಪೂರ್ತಿ ಕಿತ್ತು ಮುಗಿಸಲು 2027ರ ಕೊನೆಯವರೆಗೆ ಗಡುವು ಹಾಕಿಕೊಂಡಿದೆ. ಭದ್ರತೆಯ ದೃಷ್ಟಿಯಿಂದ.