ಗಾಳದ ಕೋಲೂ ಮಡಿಕೋಲೂ

ನಮ್ಮ ಮನೆಯಲ್ಲಿ ಮೊಟ್ಟೆ ಕೂಡ ಬೇಯಿಸುವುದಿಲ್ಲ. ಆದರೆ ಮೆಟ್ಟಿಲ ಕೆಳಗಿನ ಬೀರುವಿನಲ್ಲಿ ಮೀನು ಹಿಡಿಯುವ ಕೋಲು ಒಂಬತ್ತಿವೆ. ಮನೆಗೆ ಬಂದವರು ಅದನ್ನು ನೋಡಿ ಮೊದಲು ನನ್ನ ಮುಖ ನೋಡುತ್ತಾರೆ, ಆಮೇಲೆ ನನ್ನ ಹೆಂಡತಿಯ ಮುಖ ನೋಡುತ್ತಾರೆ. ಅವಳು ಕಾಫಿ ತರುವ ನೆಪದಲ್ಲಿ ಒಳಗೆ ಹೋಗುತ್ತಾಳೆ.

ನಾನು ಶೃಂಗೇರಿ ಕಡೆಯವನು. ತುಂಗೆಯ ಮೆಟ್ಟಿಲ ಮೇಲೆ ಕೂತು ಮೀನಿಗೆ ಮಂಡಕ್ಕಿ ಹಾಕುತ್ತಾ ಬೆಳೆದವನು. ಅಲ್ಲಿ ಮೀನು ಹಿಡಿಯುವ ಮಾತೇ ಇಲ್ಲ, ಅವು ದೇವರ ಮೀನು. ಆ ವಯಸ್ಸಿನಲ್ಲಿ ಗಾಳ ಮುಟ್ಟಿದ್ದರೆ ಅಜ್ಜಿ ನನ್ನನ್ನೇ ತುಂಗೆಗೆ ಹಾಕುತ್ತಿದ್ದಳು. ಕೆಲಸದ ನೆಪದಲ್ಲಿ ಇಂಗ್ಲೆಂಡಿನ ರೆಡಿಂಗ್‌ಗೆ ಬಂದು 11 ವರ್ಷವಾಯಿತು. ಪಕ್ಕದ ಮನೆಯ ಅಜ್ಜ ಒಂದು ಭಾನುವಾರ, ‘ಸುಮ್ನೆ ಬಂದು ಕೂತ್ಕೋ’ ಅಂತ ಕೆರೆಗೆ ಕರೆದುಕೊಂಡು ಹೋದರು. ಮೂರು ಗಂಟೆ ಕೂತ ಮೇಲೆ ಒಂದು ಮೀನು ಸಿಕ್ಕಿತು. ಅಜ್ಜ ಕೈ ಒದ್ದೆ ಮಾಡಿಕೊಂಡು ಅದನ್ನು ಎತ್ತಿದರು. ಗಾಳ ಬಿಡಿಸಿದರು. ಒಂದು ಗಳಿಗೆ ಮುಖ ನೋಡಿದರು. ವಾಪಸ್ ನೀರಿಗೆ ಬಿಟ್ಟರು. ನನಗೆ ಹಿಡಿಸಿದ್ದು ಅದೇ.

ಫೋನಿನಲ್ಲಿ ಅಮ್ಮನಿಗೆ ಹೇಳಿದೆ. ಆ ಕಡೆ ಸ್ವಲ್ಪ ಹೊತ್ತು ಸದ್ದಿಲ್ಲ.

“ಹಿಡಿದು ಬಿಡೋದಾದ್ರೆ ಹಿಡಿಯೋದು ಎಂತಕ್ಕೆ ಮಾರಾಯ?”

ಈ ಪ್ರಶ್ನೆಗೆ ನನ್ನ ಹತ್ತಿರ ಇವತ್ತಿಗೂ ಉತ್ತರವಿಲ್ಲ. ಅದಕ್ಕೇ ವಿಷಯ ಬದಲಿಸಿ ಇಲ್ಲಿನ ಪದ್ಧತಿ ವಿವರಿಸಿದೆ. ಇಲ್ಲಿ ಮೀನುಗಳಲ್ಲೂ ಜಾತಿಯಿದೆ. ಸಾಲ್ಮನ್, ಟ್ರೌಟ್ ದೊಡ್ಡ ಮನೆತನದವು, ಅವುಗಳಿಗೆ ‘ಗೇಮ್’ ಅಂತ ಮರ್ಯಾದೆ. ರೋಚ್, ಟೆಂಚ್, ಪರ್ಚ್, ಬ್ರೀಮ್, ಕಾರ್ಪ್, ಪೈಕ್ ಹೀಗೆ ಉಳಿದ ಹೊಳೆ-ಕೆರೆಯ ಮೀನೆಲ್ಲ ‘ಕೋರ್ಸ್’, ಅಂದರೆ ಒರಟು. ಶ್ರೀಮಂತರದ್ದು ಗೇಮ್ ಫಿಶಿಂಗ್, ನಮ್ಮಂಥವರದ್ದು ಕೋರ್ಸ್ ಫಿಶಿಂಗ್.

ಅಮ್ಮನಿಗೆ ಅರ್ಥವಾಗಿದ್ದು ಒಂದೇ ಶಬ್ದ. ವಾರದೊಳಗೆ ಊರಿಡೀ ಸುದ್ದಿಯಾಯಿತು: ಮಗ ಕೆಲಸದ ಜೊತೆ ಏನೋ ಫಿಶಿಂಗ್ ಕೋರ್ಸ್ ಮಾಡ್ತಿದ್ದಾನಂತೆ. ದೊಡ್ಡಪ್ಪ ಫೋನ್ ಮಾಡಿ, ‘ನಲವತ್ತು ದಾಟಿದ ಮೇಲೆ ಎಂಥ ಕೋರ್ಸು? ಎಷ್ಟು ವರ್ಷದ್ದು? ಸರ್ಟಿಫಿಕೇಟ್ ಕೊಡ್ತಾರಾ?’ ಅಂತ ಕೇಳಿದರು. ಲೈಸೆನ್ಸ್ ಕೊಡುತ್ತಾರೆ ಅಂದೆ. ಅದು ಸುಳ್ಳಲ್ಲ. ಇಲ್ಲಿ 13 ವರ್ಷ ತುಂಬಿದ ಯಾರೇ ಆದರೂ ಕೆರೆಗೆ ಗಾಳ ಹಾಕಬೇಕಾದರೆ ಲೈಸೆನ್ಸ್ ಬೇಕು. ಇಲ್ಲದೆ ಸಿಕ್ಕಿಬಿದ್ದರೆ 2,500 ಪೌಂಡ್‌ವರೆಗೆ ದಂಡ. ದೊಡ್ಡಪ್ಪನಿಗೆ ಸಮಾಧಾನವಾಯಿತು.

ಮೀನು ಹಿಡಿಯುವ ಹುಚ್ಚಾದರೂ ಪರವಾಗಿಲ್ಲ, ಚಳಿಗಾಲದಲ್ಲಿ ಇಳಿಯುತ್ತದೆ. ಹಳೇ ಕೋಲಿನ ಹುಚ್ಚು ಇಳಿಯುವುದಿಲ್ಲ. ಈಗ ಅಂಗಡಿಯಲ್ಲಿ ಸಿಗುವ ಕಾರ್ಬನ್ ಕೋಲು ಪೊರಕೆ ಕಡ್ಡಿಯಷ್ಟು ಹಗುರ. ಬುದ್ಧಿ ಇರುವವರು ಅದನ್ನೇ ಕೊಳ್ಳುತ್ತಾರೆ. ನನಗೆ ಬೇಕಾಗಿದ್ದು ಬಿದಿರು. ಬಿದಿರನ್ನು ಉದ್ದಕ್ಕೆ ಸೀಳಿ, ಒಂದೊಂದು ಸೀಳನ್ನೂ ಮೂರು ಮೂಲೆ ಬರುವ ಹಾಗೆ ಹೆರೆದು, ಅಂಥ ಆರನ್ನು ಸೇರಿಸಿ ಅಂಟಿಸುತ್ತಾರೆ. ಕೊನೆಗೆ ಆರು ಮುಖದ ಒಂದು ಕೋಲು. ತುದಿಗೆ ಬರುವ ಹೊತ್ತಿಗೆ ಸ್ವೆಟರ್ ಹೆಣೆಯುವ ಕಡ್ಡಿಯಷ್ಟು ಸಣ್ಣ, ಅಲ್ಲೂ ಆರು ಸೀಳು. ದಾರ ಹಾಯುವ ಬಳೆಗಳನ್ನು ರೇಷ್ಮೆ ನೂಲಿನಲ್ಲಿ ಸುತ್ತಿ ಕಟ್ಟಿ ವಾರ್ನಿಶ್ ಹೊಡೆದಿರುತ್ತಾರೆ. ಆ ಬಿದಿರು ಬರುತ್ತಿದ್ದದ್ದು ಚೀನಾದ ಗ್ವಾಂಗ್‌ಡಾಂಗ್‌ನಿಂದ. ಅದಕ್ಕೂ ಮೊದಲು, 19ನೇ ಶತಮಾನದಲ್ಲಿ, ಕಲ್ಕತ್ತಾದಿಂದ ಹಡಗಿನಲ್ಲಿ ಹೋದ ನಮ್ಮ ಬಿದಿರಿನಲ್ಲೇ ಮಾಡುತ್ತಿದ್ದರು. ಇದನ್ನು ಹೇಳಿದಾಗ ಅಮ್ಮ ಕೇಳಿದ್ದು: “ನಮ್ಮ ಬಿದಿರನ್ನೇ ಸೀಳಿ, ಅಂಟು ಹಾಕಿ, ನಿಂಗೇ ಮಾರಿದ್ರಾ?”

ನನ್ನ ಹತ್ತಿರ ಇರುವುದರಲ್ಲಿ ಒಳ್ಳೆಯದು ‘ವಾಲಿಸ್ ವಿಜರ್ಡ್’. 11 ಅಡಿ, ಮೂರು ತುಂಡು. ಬುಡದ್ದು ಸೀಳದ ಬಿದಿರು, ಮೇಲಿನ ಎರಡು ಸೀಳಿ ಅಂಟಿಸಿದ್ದು. ರೆಡಿಚ್ ಊರಿನ ಆಲ್‌ಕಾಕ್ ಕಂಪನಿ ಮಾಡಿದ್ದು. ರೆಡಿಚ್ ಒಂದು ಕಾಲಕ್ಕೆ ಜಗತ್ತಿಗೆಲ್ಲ ಹೊಲಿಗೆ ಸೂಜಿ ಮಾಡಿ ಕಳಿಸುತ್ತಿದ್ದ ಊರು. ಸೂಜಿ ಬಗ್ಗಿಸಿದರೆ ಗಾಳ ತಾನೇ? ಅಲ್ಲಿಂದ ಗಾಳ, ಗಾಳದಿಂದ ಕೋಲು ಅಂತ ಬೆಳೆಯಿತು. ಹಳೇ ಸಾಮಾನಿನ ಸಂತೆಯಲ್ಲಿ, ತೂತು ಬಿದ್ದ ಛತ್ರಿಗಳ ಜೊತೆ ನಿಂತಿದ್ದ ಈ ಕೋಲು 45 ಪೌಂಡಿಗೆ ಸಿಕ್ಕಿತು. ಹೆಂಡತಿಗೆ 15 ಅಂತ ಹೇಳಿದ್ದೇನೆ. ಅವಳು ಇದನ್ನು ಓದುವುದಿಲ್ಲ ಅಂದುಕೊಂಡಿದ್ದೇನೆ.

ಒಳ್ಳೆಯ ಕೋಲು ಸಿಕ್ಕವನು ಅಲ್ಲಿಗೇ ನಿಲ್ಲಬೇಕು. ನಾನು ನಿಲ್ಲಲಿಲ್ಲ. 1952ರ ಸೆಪ್ಟೆಂಬರ್ 13ರಂದು ರಿಚರ್ಡ್ ವಾಕರ್ ಎಂಬಾತ ರೆಡ್‌ಮೈರ್ ಎಂಬ ಕೊಳದಲ್ಲಿ 44 ಪೌಂಡ್ ತೂಕದ ಕಾರ್ಪ್ ಹಿಡಿದ. ಆ ಮೀನನ್ನು ಲಂಡನ್ ಝೂಗೆ ಕೊಟ್ಟರು. ಅವನು ತಾನೇ ವಿನ್ಯಾಸ ಮಾಡಿದ ಬಿದಿರ ಕೋಲಿನ ಹೆಸರು ‘ಮಾರ್ಕ್ ಫೋರ್’. ಹಳೇ ಕೋಲು ಸೇರಿಸುವವರಿಗೆಲ್ಲ ಅದರ ಮೇಲೊಂದು ಕಣ್ಣು. ಒಂದು ರಾತ್ರಿ ಆನ್‌ಲೈನ್‌ನಲ್ಲಿ ಕಂಡಿತು: ‘ಮಾರ್ಕ್ ಫೋರ್, ಮೂರು ತುಂಡು, ಬೆಲೆ ಕಡಿಮೆ’. ಮಾರ್ಕ್ ಫೋರ್ ಇರುವುದೇ ಎರಡು ತುಂಡಿನಲ್ಲಿ. ನನಗೆ ಗೊತ್ತಿತ್ತು. ಆದರೂ ರಾತ್ರಿ ಹನ್ನೆರಡು ಗಂಟೆಗೆ ಗೊತ್ತಿರುವುದು ಬೇರೆ, ಬೆರಳು ಒತ್ತುವುದು ಬೇರೆ. ನಾಲ್ಕು ದಿನಕ್ಕೆ ಪಾರ್ಸೆಲ್ ಬಂತು. ಮಾರಿದವನು ಸುಳ್ಳು ಹೇಳಿರಲಿಲ್ಲ. ಎರಡು ತುಂಡಿನ ಕೋಲೇ, ಒಂದು ತುಂಡು ನಡುವೆ ಮುರಿದು ಮೂರಾಗಿತ್ತು. ಈಗ ಅದು ಹಿತ್ತಲಿನಲ್ಲಿ ಹುರುಳಿಕಾಯಿ ಬಳ್ಳಿಗೆ ಆಸರೆ.

ಕೋಲಿನ ತುಂಡುಗಳನ್ನು ಜೋಡಿಸುವುದು ಹಿತ್ತಾಳೆಯ ಕೊಳವೆಗಳಿಂದ. ಒಂದರೊಳಗೊಂದು ಬಿಗಿಯಾಗಿ ಕೂರುತ್ತವೆ. ಬಿಚ್ಚುವಾಗ ಕಚ್ಚಿಕೊಳ್ಳಬಾರದು ಅಂತ ಇಲ್ಲಿನ ಹಿರಿಯರು ಜೋಡಿಸುವ ಮೊದಲು ಕೊಳವೆಯನ್ನು ಮೂಗಿನ ಪಕ್ಕ ಉಜ್ಜುತ್ತಾರೆ. ಮುಖದ ಜಿಡ್ಡೇ ಎಣ್ಣೆ. ನನಗೆ ಅದು ಯಾಕೋ ಸರಿ ಕಾಣಲಿಲ್ಲ. ನಾವು ಕೊಬ್ಬರಿ ಎಣ್ಣೆಯ ಜನ, ಅಲ್ವಾ? ಅಕ್ಟೋಬರ್‌ನ ಒಂದು ಬೆಳಿಗ್ಗೆ, ಬಚ್ಚಲ ಬಿಸಿಗೆ ಕರಗಿದ್ದ ಎಣ್ಣೆಯನ್ನು ಧಾರಾಳವಾಗಿ ಸವರಿ ಸಣ್ಣ ಬಾಟಲಿಯನ್ನೂ ಜೇಬಿಗೆ ಹಾಕಿಕೊಂಡು ಹೋದೆ. ಕೆರೆ ಹತ್ತಿರ ಆರು ಡಿಗ್ರಿ. ಸಂಜೆ ಕೋಲು ಬಿಚ್ಚಲು ನೋಡಿದರೆ ಕೊಳವೆ ಅಲುಗುವುದಿಲ್ಲ. ಒಳಗೆ ಎಣ್ಣೆ ಹೆಪ್ಪುಗಟ್ಟಿ ಮೇಣವಾಗಿತ್ತು. ಒಂದು ತುದಿ ನಾನು, ಇನ್ನೊಂದು ತುದಿ ಕೆರೆ ಕಾಯುವವರು ಹಿಡಿದು ಎಳೆದೆವು. ಮೂರು ಸಲ ಎಳೆದ ಮೇಲೆ ಅವರು ಕೈ ಬಿಟ್ಟು, ಇದು ಯಾವ ಎಣ್ಣೆ ಅಂತ ಕೇಳಿದರು. ತಲೆಗೆ ಹಚ್ಚುವುದು ಅಂದೆ. ಅವರು ನನ್ನ ತಲೆ ನೋಡಿದರು. ಅದರಲ್ಲಿ ಕೂದಲು ಜಾಸ್ತಿ ಇಲ್ಲ.

11 ಅಡಿ ಕೋಲನ್ನು ಬಸ್ಸಿಗೆ ಹತ್ತಿಸಿಕೊಳ್ಳಲಿಲ್ಲ. ಸಂಜೆಯ ಹೊತ್ತು ಊರ ನಡುವೆ ಎರಡು ಮೈಲಿ, ಉತ್ಸವದಲ್ಲಿ ಛತ್ರ ಹಿಡಿದವನ ಹಾಗೆ ನೆಟ್ಟಗೆ ಹಿಡಿದುಕೊಂಡು ನಡೆದೆ. ಮನೆಯ ಮೆಟ್ಟಿಲ ತಿರುವಿನಲ್ಲಿ ಅದು ತಿರುಗಲಿಲ್ಲ. ಮುಂಬಾಗಿಲಿನಿಂದ ಅಡುಗೆಮನೆವರೆಗೆ ನೆಲದ ಮೇಲೆ ಮಲಗಿಸಿದೆ. ರಾತ್ರಿಯಿಡೀ ಮನೆಯವರೆಲ್ಲ ಅದನ್ನು ದಾಟಿ ದಾಟಿ ಓಡಾಡಿದರು. ಬೆಳಿಗ್ಗೆ ಏಳಕ್ಕೆ ಹೀಟಿಂಗ್ ಶುರುವಾಯಿತು. ಏಳೂವರೆಗೆ ಮಗಳು ಬಂದು, “ಅಪ್ಪಾ, ನಿನ್ನ ಕೋಲು ತಾನಾಗೇ ಬಿಚ್ಚಿಕೊಂಡಿದೆ” ಅಂದಳು. ಕಾರ್ಪೆಟ್‌ ಮೇಲಿನ ಎಣ್ಣೆ ಕಲೆ ಇನ್ನೂ ಇದೆ.

ಮುಂದಿನ ಬೇಸಿಗೆಗೆ ಅಮ್ಮ ಬಂದಳು. ಬಂದ ಮೂರನೇ ದಿನ ಆಫೀಸಿನಿಂದ ಮನೆಗೆ ಬಂದು ನೋಡುತ್ತೇನೆ, ಮೇಲಿನ ಕೋಣೆಯಲ್ಲಿ ಎರಡು ಕುರ್ಚಿಗಳ ಬೆನ್ನಿನ ಮೇಲೆ ವಾಲಿಸ್ ವಿಜರ್ಡ್ ಅಡ್ಡಡ್ಡ ಮಲಗಿದೆ. ಅದರ ಮೇಲೆ ಅಮ್ಮನ ಒದ್ದೆ ಸೀರೆ. ತುದಿಯ ತುಂಡು ಅಮ್ಮನ ಕೈಯಲ್ಲಿ. ಅದರಿಂದ ಸೀರೆಯ ಸುಕ್ಕು ಬಿಡಿಸುತ್ತಿದ್ದಾಳೆ.

“ಅಮ್ಮಾ, ಇದು ಗಾಳದ ಕೋಲು!”

“ಬಿದಿರು ತಾನೇ? ಮನೇಲಿ ಒಂದು ಗಳ ಇಲ್ಲ, ಮಡಿಕೋಲಿಲ್ಲ. ಇದು ಅಳತೆಗೆ ಸರಿಯಾಗಿದೆ.”

ಬೇರೆ ದಾರಿ ಕಾಣದೆ ಮಡಿಯನ್ನೇ ಹಿಡಿದೆ. “ಮೀನು ಮುಟ್ಟಿದ ಕೋಲು ಅಮ್ಮಾ. ಅದರಲ್ಲಿ ಎಂಥ ಮಡಿ?”

“ಇದಕ್ಕೆ ಇವತ್ತಿನವರೆಗೆ ಒಂದು ಮೀನೂ ತಾಗಿಲ್ಲ ಅಂತ ನಿನ್ನ ಹೆಂಡ್ತಿ ಹೇಳಿದ್ಲು.”

ಅಡುಗೆಮನೆಯಲ್ಲಿ ಪಾತ್ರೆ ಸದ್ದು ಇದ್ದಕ್ಕಿದ್ದಂತೆ ಜೋರಾಯಿತು. ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೇ ಅನ್ನುತ್ತಾರೆ. ಬಗ್ಗುತ್ತದೆ. ಒದ್ದೆ ಹತ್ತಿ ಸೀರೆ ಹಾಕಿ ನೋಡಿ. ಬಿದಿರ ಕೋಲನ್ನು ಗೋಡೆಗೆ ಒರಗಿಸಿಟ್ಟರೂ ಸೊಟ್ಟಗಾಗುತ್ತದೆ ಅಂತ ಬಟ್ಟೆ ಚೀಲದಲ್ಲಿ ನೇತುಹಾಕಿ ಕಾಪಾಡಿದ್ದೆ. ಈಗ ಅದರ ನಡುವಿನ ತುಂಡು ಎಡಕ್ಕೆ ವಾಲಿದೆ. ನಾನು ಎಲ್ಲಿಗೆ ಗುರಿಯಿಟ್ಟರೂ ಗಾಳ ಎಡಗಡೆಯವರ ಜಾಗದಲ್ಲಿ ಬೀಳುತ್ತದೆ.

ಜೂನ್ 16 ಇಲ್ಲಿನ ಗಾಳದವರಿಗೆ ಹಬ್ಬ. ಮಾರ್ಚ್ 15ರಿಂದ ಜೂನ್ 15ರವರೆಗೆ ಹೊಳೆಯಲ್ಲಿ ಗಾಳ ಹಾಕುವಂತಿಲ್ಲ, ಮೀನು ಮರಿ ಮಾಡುವ ಕಾಲ. ಹೆಚ್ಚಿನ ಕೆರೆಗಳಿಗೆ ಈಗ ಆ ಕಾನೂನು ಇಲ್ಲ. ಆದರೂ ನಮ್ಮ ಕ್ಲಬ್ಬಿನ ಹಿರಿಯರು ಹಳೇ ಪದ್ಧತಿ ಬಿಟ್ಟಿಲ್ಲ. ಆ ವರ್ಷ ಬೆಳಗಿನ ನಾಲ್ಕಕ್ಕೆ ಅಮ್ಮನೂ ಹೊರಟಳು. ಎರೆಹುಳು ತರುವುದಿಲ್ಲ ಅಂತ ಆಣೆ ಮಾಡಿಸಿಕೊಂಡಳು. ಆಣೆ ಬೇಕಾಗಿರಲಿಲ್ಲ. ಮೊದಲ ವರ್ಷ ನಾನು ಹುಳುವಿನ ಡಬ್ಬಿಯನ್ನು ಫ್ರಿಜ್ಜಿನಲ್ಲಿಟ್ಟು ಮರೆತ ಮೇಲೆ ನಮ್ಮಲ್ಲಿ ಬ್ರೆಡ್ಡು, ಜೋಳ ಮಾತ್ರ.

ಟೆಂಚ್ ಬಂದಿದೆ ಅಂತ ತಿಳಿಯುವುದು ಗುಳ್ಳೆಯಿಂದ. ಅದು ತಳದ ಕೆಸರು ಕೆದಕುವಾಗ ಸಣ್ಣ ಸಣ್ಣ ಗುಳ್ಳೆ ಮೇಲೆ ಬರುತ್ತದೆ, ಸಾರು ಕುದಿಯುವ ಮೊದಲು ಅಂಚಿನಲ್ಲಿ ಏಳುವ ಹಾಗೆ. ಅವತ್ತು ನನ್ನ ಬೆಂಡಿನ ಸುತ್ತ ಗುಳ್ಳೆಯೇ ಗುಳ್ಳೆ. ಮೀನು ಕಚ್ಚಿದ್ದು ತಿಳಿಯಲಿ ಅಂತ ದಾರಕ್ಕೆ ಕಟ್ಟಿ ತೇಲಿಬಿಡುವ ಈ ಬೆಂಡು ಅಂದರೆ ಮುಳ್ಳುಹಂದಿಯ ಮುಳ್ಳು. ಹಳೇ ಕಾಲದವರು ಅದರ ತುದಿಗೆ ಕೆಂಪು ಬಣ್ಣ ಹಚ್ಚಿ, ಬುಡಕ್ಕೆ ದಾರ ಪೋಣಿಸಲು ಹಿತ್ತಾಳೆ ತಂತಿಯ ಬಳೆ ಕಟ್ಟುತ್ತಿದ್ದರು. ಕೆಂಪು ತುದಿ ಒಮ್ಮೆ ನಡುಗಿತು. ಮತ್ತೆ ನಡುಗಿತು. ನಾನು ಉಸಿರು ಬಿಗಿಹಿಡಿದೆ.

“ಪಾಪ, ಹಸಿದಿವೆ” ಅಂದಳು ಅಮ್ಮ. ಪಕ್ಕದಿಂದ ಒಂದು ದೊಡ್ಡ ಹಿಡಿ ಮಂಡಕ್ಕಿ ಹಾರಿ ಬಂದು ನೀರಿಗೆ ಬಿತ್ತು. ತಡೆಯುವುದರೊಳಗೆ ಇನ್ನೊಂದು ಹಿಡಿ. ತುಂಗೆಯ ಅಭ್ಯಾಸ. ನೀರೆಲ್ಲ ಬೆಳ್ಳಗಾಗಿ ಬೆಂಡು ಎಲ್ಲಿದೆ ಅಂತ ಕಾಣಲೇ ಇಲ್ಲ. ಆಮೇಲೆ ಜೊಂಡಿನ ಹಿಂದಿನಿಂದ ಅವು ಬಂದವು. ಎರಡು ದೊಡ್ಡವು, ಐದು ಮರಿ.

“ಹಂಸ!” ಅಮ್ಮನ ಧ್ವನಿ ನಡುಗಿತು. ಹಂಸವನ್ನು ಅವಳು ನೋಡಿದ್ದು ಶಾರದೆಯ ಪಟದಲ್ಲಿ ಮಾತ್ರ. ಚಪ್ಪಲಿ ಕಳಚಿ, ಎದ್ದು ನಿಂತು, ಕೈ ಮುಗಿದಳು. ದೊಡ್ಡ ಹಂಸ ನನ್ನ ದಾರದ ಮೇಲೇ ತೇಲಿ ಬಂದು ನನ್ನನ್ನು ನೋಡಿ ಬುಸ್ ಅಂದಿತು. ಶೃಂಗೇರಿಯವನು ಶಾರದೆಯ ವಾಹನವನ್ನು ‘ಹುಶ್’ ಅಂತ ಓಡಿಸುವುದು ಹೇಗೆ? ದಾರ ಸುತ್ತಿಕೊಂಡು ಥರ್ಮಾಸಿನ ಕಾಫಿ ಕುಡಿದೆ. ಮೂರು ತಿಂಗಳು ಕಾದ ಹಬ್ಬ ಐದೂ ಕಾಲಿಗೆ ಮುಗಿಯಿತು.

ಇಷ್ಟಾದ ಮೇಲೂ ಆ ಬೆಂಡು ನನ್ನ ಪೆಟ್ಟಿಗೆಯಲ್ಲಿ ಸುಖವಾಗಿತ್ತು. ಈ ವರ್ಷ ಮೇ ತಿಂಗಳವರೆಗೆ. ಇಲ್ಲೇ ನಾಲ್ಕು ಬೀದಿ ಆಚೆ ಇರುವ ಕನ್ನಡದವರ ಮನೆಯಲ್ಲಿ ಸೀಮಂತ. ಬೈತಲೆ ತೆಗೆಯಲು ಮುಳ್ಳುಹಂದಿಯ ಮುಳ್ಳು ಬೇಕು ಅಂತ ಪುರೋಹಿತರ ಪಟ್ಟಿಯಲ್ಲಿತ್ತು. ದರ್ಭೆ ಲಂಡನ್ನಿನಿಂದ ಬಂತು. ಅತ್ತಿಕಾಯಿ ಸಿಗದೆ ಸೂಪರ್‌ಮಾರ್ಕೆಟ್ಟಿನ ಅಂಜೂರಕ್ಕೆ ಒಪ್ಪಿಗೆಯಾಯಿತು. ಮುಳ್ಳು ಎಲ್ಲಿಂದ ತರುವುದು? ಕನ್ನಡದವರ ಗ್ರೂಪಿನಲ್ಲಿ ಎರಡು ದಿನ ಇದೇ ಚರ್ಚೆ. ಮೂರನೇ ದಿನ ನನ್ನ ಹೆಂಡತಿ ಬರೆದಳು: ‘ನಮ್ಮನೇಲಿದೆ. ಎಷ್ಟು ಬೇಕು?’

ಪುರೋಹಿತರು ಮುಳ್ಳನ್ನು ಬೆಳಕಿಗೆ ಹಿಡಿದು ತಿರುಗಿಸಿ ನೋಡಿದರು. ತುದಿ ಯಾಕೆ ಕೆಂಪು ಅಂತ ಕೇಳಿದರು. ನಾನು ಬಾಯಿ ತೆರೆಯುವ ಮೊದಲೇ ಹಿಂದಿನಿಂದ ಒಬ್ಬ ಅಜ್ಜಿ, “ಕುಂಕುಮ ಹಚ್ಚಿ ತಂದಿದಾರೆ, ಪದ್ಧತಿ ಗೊತ್ತಿರೋರು” ಅಂದರು. ನಾನು ಬಾಯಿ ಮುಚ್ಚಿಕೊಂಡೆ. ಮಂತ್ರ ಶುರುವಾಯಿತು. ಗಂಡ ಮುಳ್ಳನ್ನು ಹಣೆಯಿಂದ ನೆತ್ತಿಗೆ ಎಳೆದ. ಅರ್ಧ ದಾರಿಯಲ್ಲಿ ನಿಂತಿತು. ಹಿತ್ತಾಳೆಯ ಬಳೆಗೆ ಕೂದಲು ಸಿಕ್ಕಿಕೊಂಡಿತ್ತು. ಅವನು ಗಾಬರಿಯಲ್ಲಿ ಎಳೆದ. ಹುಡುಗಿ “ಅಯ್ಯೋ” ಅಂದಳು. ಮಂತ್ರ ನಿಂತಿತು.

ಸಿಕ್ಕು ಬಿಡಿಸುವುದರಲ್ಲಿ ನನಗೆ ಆರು ವರ್ಷದ ಅನುಭವ. ನಿಜ ಹೇಳಬೇಕೆಂದರೆ ಕೆರೆಯ ದಡದಲ್ಲಿ ನಾನು ಮಾಡಿದ್ದು ಹೆಚ್ಚುಕಡಿಮೆ ಅಷ್ಟೇ. “ಎಳೀಬೇಡಿ! ಸಡಿಲ ಬಿಡಿ. ಬಂದ ದಾರೀಲೇ ಹಿಂದಕ್ಕೆ ತಳ್ಳಿ. ಈಗ ಬಳೆ ತಿರುಗಿಸಿ” ಅಂತ ನಾನು ದೂರದಿಂದ ಹೇಳುತ್ತಾ ಹೋದೆ, ನನ್ನ ಹೆಂಡತಿ ಬಿಡಿಸುತ್ತಾ ಹೋದಳು. ಒಂದು ಕೂದಲೂ ಕಿತ್ತು ಬರಲಿಲ್ಲ. “ಅಂಕಲ್, ನಿಮಗೆ ಇದು ಹೇಗೆ ಗೊತ್ತು?” ಅಂತ ಹುಡುಗಿ ಕೇಳಿದಳು. ಕೋರ್ಸ್ ಮಾಡಿದ್ದೀನಿ ಅಂದೆ.

ಅರಿಶಿನ ಕುಂಕುಮ ಹತ್ತಿಸಿಕೊಂಡು ಬಂದ ಮುಳ್ಳು ನನ್ನ ಪೆಟ್ಟಿಗೆಗೆ ಮರಳಲಿಲ್ಲ. ಹೆಂಡತಿ ಅದನ್ನು ದೇವರ ಗೂಡಿನಲ್ಲಿ, ಗಂಧದ ಕೊರಡಿನ ಪಕ್ಕ ಇಟ್ಟಳು. ಜೂನ್ 15ರ ರಾತ್ರಿ ಮೆಲ್ಲಗೆ ಕೈ ಹಾಕಿ ನೋಡಿದೆ. ಇರಲಿಲ್ಲ.

“ರೀ, ಅದು ಲೆಸ್ಟರ್‌ಗೆ ಹೋಗಿದೆ” ಅಂದಳು, ಮೊಬೈಲಿನಿಂದ ತಲೆ ಎತ್ತದೆ. “ಅವರಿಗೆ ಏಳನೇ ತಿಂಗಳು. ಆಗಸ್ಟ್‌ನಲ್ಲಿ ಸ್ಲೌನವರು ಕೇಳಿದಾರೆ. ನಿಮಗೆ ಯಾವಾಗ ಬೇಕು?”

ಸೆಪ್ಟೆಂಬರ್‌ಗೆ ಹೆಸರು ಬರೆಸಿದೆ.