ನಮ್ಮೂರಿನ ಕಲ್ಲು ಹಾಕುವ ಪರಂಪರೆ

ದಾವಣಗೆರೆಗೆ ಬಂದ ನೆಂಟರು ಮೊದಲು ಕೇಳುವುದು ಬೆಣ್ಣೆ ದೋಸೆ. ಆಮೇಲೆ ಕೇಳುವುದೂ ಬೆಣ್ಣೆ ದೋಸೆಯನ್ನೇ, ಇನ್ನೊಂದು ಪ್ಲೇಟು. ಹಾಗಾಗಿ ಪುಣೆಯಿಂದ ಬಂದ ನನ್ನ ಚಿಕ್ಕಮ್ಮನ ಮಗ ಬ್ಯಾಗು ಇಳಿಸಿದವನೇ, "ಅಣ್ಣಾ, ಇಲ್ಲಿ ಬ್ರಿಟಿಷರ ಕಾಲದ ಚರ್ಚು, ಹಳೇ ಕಟ್ಟಡ ಎಲ್ಲೆಲ್ಲಿವೆ?" ಅಂದಾಗ ನಾನು ತಬ್ಬಿಬ್ಬಾದೆ. ಹುಟ್ಟಿದಾಗಿನಿಂದ ಇದೇ ಊರಲ್ಲಿದ್ದೇನೆ. ಹಳೇ ಚರ್ಚಿನ ಮುಂದೆ ಸ್ಕೂಟರ್ ನಿಲ್ಲಿಸಿ ಎಷ್ಟೋ ಸಲ ಫೋನಿನಲ್ಲಿ ಮಾತಾಡಿದ್ದೇನೆ. ಚರ್ಚು ಮಾತ್ರ ನೋಡಿಲ್ಲ.

ಮರುದಿನ ಬೆಳಿಗ್ಗೆ ಇಬ್ಬರೂ ಹೋದೆವು. ಕಾಂಪೌಂಡಿನೊಳಗೇ ಶಾಲೆಯೂ ಇದೆ. ಗೇಟಿನ ವಾಚ್‌ಮನ್ ನಮ್ಮನ್ನು ನೋಡಿದ ಕೂಡಲೇ ಕೈ ಅಡ್ಡ ಆಡಿಸಿದ.

"ಅಡ್ಮಿಷನ್ ಮುಗೀತ್ರಿ."

"ಅಡ್ಮಿಷನ್ ಅಲ್ಲಪ್ಪ, ಚರ್ಚ್ ನೋಡಬೇಕಿತ್ತು."

"ಯಾರ್ದು ಮದ್ವಿ?"

"ಮದುವೆ ಗಿದುವೆ ಏನಿಲ್ಲ. ಸುಮ್ನೆ ನೋಡೋಕೆ ಬಂದಿದೀವಿ."

ಅವನ ಮುಖ ಗಂಭೀರವಾಯಿತು. ನಮ್ಮ ಕಡೆ ನೋಡೋಕೆ ಬರುವವರು ಎರಡೇ ಬಗೆ. ಒಂದು, ಹೆಣ್ಣು ನೋಡೋಕೆ. ಇನ್ನೊಂದು, ಸೈಟು ನೋಡೋಕೆ. ಮದುವೆ ಇಲ್ಲ ಅಂತ ನಾವೇ ಹೇಳಿಬಿಟ್ಟಿದ್ದರಿಂದ ಅವನಿಗೆ ಉಳಿದಿದ್ದು ಒಂದೇ ದಾರಿ. ಸ್ವಲ್ಪ ಹತ್ತಿರ ಬಂದು ದನಿ ತಗ್ಗಿಸಿ ಹೇಳಿದ: "ಇದು ಮಾರೋದಿಲ್ರಿ."

ಅಷ್ಟರಲ್ಲಿ ಒಳಗಿಂದ ಪೊರಕೆ ಹಿಡಿದ ಹಿರಿಯರೊಬ್ಬರು ಬಂದು ನಮ್ಮನ್ನು ಬಿಡಿಸಿಕೊಂಡರು. ಒಳಗೆ ತಂಪು. ಎತ್ತರದ ಕಿಟಕಿ, ಕೂತು ಕೂತು ನುಣುಪಾದ ಮರದ ಬೆಂಚು. "ಇದನ್ನ ಯಾವ ಬ್ರಿಟಿಷರು ಕಟ್ಟಿದ್ದು?" ಅಂತ ತಮ್ಮ ಕೇಳಿದ. "ಕಟ್ಟಿದ್ದು ಗಾರೆಯವರು" ಅಂದರು ಅವರು, ತುಂಬಾ ಸಹಜವಾಗಿ. ಆಮೇಲೆ, "ನಮ್ಮಜ್ಜಿ ಮದ್ವಿ ಇಲ್ಲೇ ಆಗಿದ್ದು. ನಮ್ಮಪ್ಪಂದು, ನಂದು, ಮಗಳದ್ದು, ಎಲ್ಲಾ ಇಲ್ಲೇ" ಅಂದರು. ಬ್ರಿಟಿಷರ ವಿಷಯದಲ್ಲಿ ಅವರಿಗೆ ಅಷ್ಟೇನೂ ಆಸಕ್ತಿ ಇದ್ದಂತೆ ಕಾಣಲಿಲ್ಲ.

ಕಟ್ಟಿದ ವರ್ಷ ಕೇಳಿದ್ದಕ್ಕೆ ಬಾಗಿಲ ಪಕ್ಕ ಕರೆದುಕೊಂಡು ಹೋಗಿ ಒಂದು ಕ್ರೋಟನ್ ಕುಂಡ ಸರಿಸಿದರು. ಗೋಡೆಯ ಬುಡದಲ್ಲಿ ನೋಟ್‌ಬುಕ್ಕಿನಷ್ಟು ಅಗಲದ ಕಲ್ಲು. ಒಂದು ಶಿಲುಬೆ, ಒಂದು ವರ್ಷ, ಒಂದು ಸಾಲು. ಅಷ್ಟೇ. ವರ್ಷದ ಕೊನೆಯ ಅಂಕಿಯೊಳಗೆ ಆರೇಳು ಸಲದ ಸುಣ್ಣ, ಪೇಂಟು ತುಂಬಿಕೊಂಡು ಅದು 3 ಇರಬಹುದು, 8 ಇರಬಹುದು. ತಮ್ಮ ಉಗುರಿನಿಂದ ಕೆರೆಯಲು ಹೋದ. "ಬ್ಯಾಡ್ರಿ, ಪೇಂಟ್ ಮಾಡ್ಸಿ ಇನ್ನೂ ಆರು ತಿಂಗಳಾಗಿಲ್ಲ" ಅಂತ ಹಿರಿಯರು ತಡೆದರು.

ಹೊರಗೆ ರಸ್ತೆಗೆ ಬಂದರೆ ಕಣ್ಣಿಗೆ ರಾಚುವ ಇನ್ನೊಂದು ಕಲ್ಲು. ಕರೀ ಗ್ರಾನೈಟು, ಬಂಗಾರದ ಬಣ್ಣದ ಅಕ್ಷರ, ನನ್ನ ಎದೆಮಟ್ಟ. ನಿಂತು ಎಣಿಸಿದೆ: 23 ಹೆಸರು. ಉದ್ಘಾಟಕರು, ಅಧ್ಯಕ್ಷತೆ, ಘನ ಉಪಸ್ಥಿತಿ, ವಿಶೇಷ ಆಹ್ವಾನಿತರು, ಆಮೇಲೆ 'ಹಾಗೂ ಸರ್ವ ಸದಸ್ಯರು'. ಎಲ್ಲಕ್ಕಿಂತ ಕೆಳಗೆ, ಕಲ್ಲಿನಲ್ಲಿ ಜಾಗ ಮುಗಿದುಹೋಗಿ ಒತ್ತೊತ್ತಾಗಿ ಕೆತ್ತಿದ್ದು ಕಾಮಗಾರಿಯ ಹೆಸರು: ಚರಂಡಿ ಮೇಲೆ ಸ್ಲ್ಯಾಬ್ ಅಳವಡಿಕೆ. ಸ್ಲ್ಯಾಬು ಎರಡು ಕಡೆ ಮುರಿದಿತ್ತು. ಕಲ್ಲು ಗಟ್ಟಿಮುಟ್ಟಾಗಿತ್ತು.

ಯಾರದ್ದೋ ಅನ್ನಕ್ಕೆ ಕಲ್ಲು ಹಾಕಿದರು ಅನ್ನುತ್ತೇವಲ್ಲ, ನಮ್ಮೂರಲ್ಲಿ ಅದನ್ನು ಸಾರ್ವಜನಿಕವಾಗಿ, ಪೂರ್ಣಕುಂಭದೊಂದಿಗೆ ಮಾಡುತ್ತಾರೆ.

ಬ್ರಿಟಿಷರ ಪರಂಪರೆಯನ್ನು ತಮ್ಮ ಹುಡುಕುತ್ತಿದ್ದದ್ದು ತಪ್ಪು ಜಾಗದಲ್ಲಿ ಅಂತ ಆಗಲೇ ನನಗೆ ಹೊಳೆದಿದ್ದು. ಚರ್ಚು ನಮ್ಮವರದ್ದಾಗಿ ಎಷ್ಟೋ ಕಾಲವಾಯಿತು. ಬ್ರಿಟಿಷರು ಬಿಟ್ಟುಹೋದದ್ದರಲ್ಲಿ ಒಂದು ಚೂರೂ ಮುಕ್ಕಾಗದೆ ಉಳಿದಿರುವುದು ಈ ಕಲ್ಲು ಹಾಕುವ ಸಮಾರಂಭ. 1889ರಲ್ಲಿ ಬೆಂಗಳೂರಿನ ಲಾಲ್‌ಬಾಗ್ ಗಾಜಿನ ಮನೆಗೆ ಅಡಿಗಲ್ಲು ಹಾಕಲು ಇಂಗ್ಲೆಂಡಿನ ರಾಜಕುಮಾರ ಆಲ್ಬರ್ಟ್ ವಿಕ್ಟರ್ ಬಂದಿದ್ದ. ಆಗಿನಿಂದ ಕಲ್ಲಿಗೆ ಒಬ್ಬ ರಾಜಕುಮಾರ ಬೇಕೇ ಬೇಕು. ಈಗ ವಾರ್ಡಿಗೆ ನಾಲ್ಕು ಜನ ಸಿಗುತ್ತಾರೆ.

ಗಾಜಿನ ಮನೆ ಅಂದಕೂಡಲೇ ನೆನಪಾಯಿತು, ನಮ್ಮಲ್ಲೂ ಒಂದಿದೆ. ಕರೆದುಕೊಂಡು ಹೋದೆ. ಲಾಲ್‌ಬಾಗ್‌ನದ್ದು ಲಂಡನ್ನಿನ ಕ್ರಿಸ್ಟಲ್ ಪ್ಯಾಲೇಸ್ ಮಾದರಿ. ನಮ್ಮದು ಲಾಲ್‌ಬಾಗ್ ಮಾದರಿ. ಮೂಲದ್ದು 1936ರಲ್ಲೇ ಸುಟ್ಟುಹೋಯಿತು. ನಕಲಿನ ನಕಲು ಇಲ್ಲಿ ಝಗಝಗ ಹೊಳೆಯುತ್ತಿದೆ, ಮುಂದೆ ಪ್ರೀ ವೆಡ್ಡಿಂಗ್ ಶೂಟಿಂಗಿನ ಒಂದು ಜೋಡಿ. ಬ್ರಿಟಿಷರ ಕಾಲದ್ದು ನಮಗೆ ಬೇಡ ಅಂತೇನಿಲ್ಲ ನೋಡಿ, ಹೊಸದಾಗಿ ಬೇಕು. ಊರಿಗೆ ಕರ್ನಾಟಕದ ಮ್ಯಾಂಚೆಸ್ಟರ್ ಅನ್ನೋ ಹೆಸರಿತ್ತಲ್ಲ, ಆ ಹತ್ತಿ ಮಿಲ್ಲುಗಳ ಸದ್ದು ನಿಂತು ಎಷ್ಟೋ ವರ್ಷವಾಯಿತು. ಹೆಸರನ್ನು ಮಾತ್ರ ಭಾಷಣದಲ್ಲಿ ಇವತ್ತಿಗೂ ಬಿಟ್ಟಿಲ್ಲ. 2016ರಲ್ಲಿ ದೇಶದ ಮೊದಲ 20 ಸ್ಮಾರ್ಟ್ ಸಿಟಿಗಳ ಪಟ್ಟಿಗೆ ಬಂದ ಮೇಲೆ ಹೆಸರು ಇನ್ನೊಂದು ಸೇರಿತು. ಕಲ್ಲುಗಳೂ ಸೇರಿದವು.

ತಮ್ಮನಿಗೆ ಇನ್ನೂ ಸಮಾಧಾನವಿಲ್ಲ. ಚರ್ಚು ಅಂದರೆ ಹರಿಹರಕ್ಕೆ ಹೋಗಿ, ಆರೋಗ್ಯ ಮಾತೆ, ಸೆಪ್ಟೆಂಬರ್ 8ಕ್ಕೆ ಬಂದ್ರೆ ಕಾಲಿಡೋಕೆ ಜಾಗ ಇರೋದಿಲ್ಲ ಅಂತ ದೋಸೆ ಹೋಟೆಲಿನಲ್ಲಿ ಯಾರೋ ಹೇಳಿದರು. ಹೋದೆವು. ಅಲ್ಲೇ ತುಂಗಭದ್ರೆಯ ಮೇಲೆ 1868ರಲ್ಲಿ ಕಟ್ಟಿ ಮುಗಿಸಿದ ಸೇತುವೆ, 14 ಕಮಾನು. ಆಗ ಅದಕ್ಕೆ ಖರ್ಚಾಗಿದ್ದು ಸುಮಾರು 3 ಲಕ್ಷ ರೂಪಾಯಿ. ಇವತ್ತು 3 ಲಕ್ಷದಲ್ಲಿ ಗುದ್ದಲಿ ಪೂಜೆಯ ಶಾಮಿಯಾನ, ಮೈಸೂರು ಪೇಟ, ಶಾಲು, ಹಾರ ಮುಗಿಯುತ್ತವೆ. ಗುದ್ದಲಿ ಬಾಡಿಗೆಗೆ ತರಬೇಕು.

ಮಾರನೇ ದಿನ ಚಿತ್ರದುರ್ಗ. ಕೋಟೆಯ ಬಗ್ಗೆ ನಾನು ಹೇಳಬೇಕಾದ್ದಿಲ್ಲ. ಏಳು ಸುತ್ತು, ಅದನ್ನು 1779ರಲ್ಲಿ ಹೈದರ್ ಅಲಿ ತೆಗೆದುಕೊಂಡದ್ದು, ಇದೆಲ್ಲ ನಾಲ್ಕನೇ ಕ್ಲಾಸಿನ ಮಕ್ಕಳಿಗೂ ಗೊತ್ತು. ಓಬವ್ವನ ಕಿಂಡಿಯ ಹತ್ತಿರ ಸೆಲ್ಫಿಗೆ ಕ್ಯೂ. ಎಲ್ಲರೂ ಇಲ್ಲದ ಒನಕೆ ಎತ್ತಿ ನಿಲ್ಲುವವರೇ. ಕಿಂಡಿಯಿಂದ ತಲೆ ಹೊರಗೆ ಹಾಕಲು ಗಂಡಂದಿರು ಮಾತ್ರ ಯಾಕೋ ಹಿಂದೇಟು ಹಾಕುತ್ತಿದ್ದರು.

ನಾನು ನೋಡುತ್ತಿದ್ದದ್ದು ಗೋಡೆಯನ್ನು. ಗ್ರಾನೈಟಿಗೆ ದುಡ್ಡಿಲ್ಲದವರು ಕೋಟೆಯ ಕಲ್ಲನ್ನೇ ಬಳಸಿಕೊಂಡಿದ್ದಾರೆ. ಹೆಸರು, ಬಾಣ ಚುಚ್ಚಿದ ಹೃದಯ, ಇನ್ನೊಂದು ಹೆಸರು. ಎರಡನೇ ಹೆಸರಿನ ಮೇಲೆ ಕೆಲವು ಕಡೆ ಗೀಚು ಹಾಕಿ ಮೂರನೆಯದು ಬರೆದಿದ್ದರು. ಸ್ಮಾರಕ ಹಾಳು ಮಾಡಿದರೆ ಶಿಕ್ಷೆ ಅಂತ ಎಚ್ಚರಿಸುವ ನೀಲಿ ಬೋರ್ಡಿದೆಯಲ್ಲ, ಅದರ ಮೇಲೂ ಒಬ್ಬ ಸಹಿ ಹಾಕಿದ್ದ. ಓದಿದ್ದೇನೆ ಅನ್ನುವುದಕ್ಕೆ ಇರಬೇಕು.

ಸಂಜೆ ಚಂದ್ರವಳ್ಳಿಗೆ ಇಳಿದೆವು. ಪುರಾತತ್ವಜ್ಞರಾದ ಎಂ.ಎಚ್. ಕೃಷ್ಣ 1929ರಲ್ಲಿ, ಮಾರ್ಟಿಮರ್ ವೀಲರ್ 1947ರಲ್ಲಿ ಅಗೆದ ನೆಲ ಅದು. ಕೆರೆಯ ಹತ್ತಿರ, ಭೈರವೇಶ್ವರ ಗುಡಿಯ ಪಕ್ಕದ ಬಂಡೆಯ ಮೇಲೆ ಕದಂಬ ಮಯೂರಶರ್ಮನ ಶಾಸನವಿದೆ. ಕನ್ನಡ ನಾಡಿನಲ್ಲಿ ಮೊದಲು ಸ್ವಂತ ರಾಜ್ಯ ಕಟ್ಟಿದವ ಅಂತ ನಾವೆಲ್ಲ ಎದೆಯುಬ್ಬಿಸಿ ಹೇಳುತ್ತೇವಲ್ಲ, ಅವನೇ. ಕೆರೆ ಕಟ್ಟಿಸಿದೆ ಅಂತ ಪ್ರಾಕೃತದಲ್ಲಿ ಬರೆಸಿದ್ದಾನೆ. ಎಷ್ಟು ಸಾಲು ಗೊತ್ತಾ? ಮೂರು.

ತಮ್ಮ ಬಗ್ಗಿ ನೋಡಿದ. "ಅಧ್ಯಕ್ಷತೆ ಯಾರದ್ದು ಅಂತ ಹಾಕೇ ಇಲ್ವಲ್ಲಣ್ಣ?"

"ತ್ರೈಕೂಟ, ಆಭೀರ, ಪಲ್ಲವ ಅಂತ ಗೆದ್ದವರ ಪಟ್ಟಿ ಇದೆ ನೋಡು" ಅಂದೆ. ಅವನೂ ಏನು ಕಮ್ಮಿ ಅಲ್ಲ. ಆದರೂ ಪಲ್ಲವರನ್ನು ಹಣಿದವನು ಮೂರು ಸಾಲಿನಲ್ಲಿ ಮುಗಿಸಿದ್ದಾನೆ. ಚರಂಡಿಗೆ ಸ್ಲ್ಯಾಬ್ ಮುಚ್ಚಿದವರಿಗೆ 23 ಹೆಸರು ಬೇಕಾಯಿತು. ಮುಂದೆ ಯಾವತ್ತೋ ಇನ್ನೊಬ್ಬ ವೀಲರ್ ಬಂದು ದಾವಣಗೆರೆ ಅಗೆದರೆ, ಸಿಕ್ಕ ಗ್ರಾನೈಟ್ ಓದಿ ಇಲ್ಲಿ ಮೊಳಕ್ಕೊಂದು ರಾಜವಂಶ ಆಳುತ್ತಿತ್ತು ಅಂತ ಬರೆದಾನು. ಆ ವಂಶಗಳು ಕಟ್ಟಿದ ಕೆರೆ ಹುಡುಕಲು ಪಾಪ ಎಷ್ಟು ಆಳ ಹೋಗಬೇಕೋ.

ರಾತ್ರಿ ಮನೆಗೆ ಬಂದು ಕಾಲು ಚಾಚಿದ್ದೆವಷ್ಟೇ, ನಮ್ಮ ಬಡಾವಣೆ ಸಂಘದ ಕಾರ್ಯದರ್ಶಿ ಬಾಗಿಲಿಗೆ ಬಂದರು. ಪಾರ್ಕಿಗೆ ನಾಲ್ಕು ಸಿಮೆಂಟ್ ಬೆಂಚು ಹಾಕಿಸುತ್ತಿದ್ದೇವೆ, ನಾನೂ ಒಂದಿಷ್ಟು ಕೊಟ್ಟಿದ್ದೆ. ಕೈಯಲ್ಲಿ ಒಂದು ಹಾಳೆ.

"ನಾಳೆ ಕಲ್ಲು ಕೆತ್ತೋಕೆ ಕೊಡ್ತೀವ್ರಿ. ಹೆಸರು ಸರಿ ಅದಾವೇನು, ಒಂದ್ಸಲ ನೋಡ್ಬಿಡ್ರಿ."

ಹನ್ನೊಂದು ಹೆಸರಿತ್ತು. ನನ್ನದು ಒಂಬತ್ತನೆಯದು. ಸೋಫಾದ ಮೇಲಿಂದ ತಮ್ಮ ನನ್ನನ್ನೇ ನೋಡುತ್ತಿದ್ದ. ಸ್ವಲ್ಪ ಅವನಿಗೆ ಬೆನ್ನು ಮಾಡಿ ನಿಂತು ಪೆನ್ನು ತೆಗೆದೆ.

"ಇನಿಷಿಯಲ್ಲೇ ಹಾಕಿಲ್ವಲ್ರೀ ನಂದು? ಆಮೇಲೆ ಈ ಆರನೇ ಹೆಸರಿನವರು ಕೊಟ್ಟಿದ್ದು ನನಗಿಂತ ಐನೂರು ಕಮ್ಮಿ, ಅಲ್ವಾ?"