ಸ್ಪಷ್ಟನೆ: ಸೇನೆಯ ಮೀಸಲು ಪಟ್ಟಿಗೆ ಮಡಿಕೇರಿಯಲ್ಲಿ ಮರುನೋಂದಣಿ ಇಲ್ಲ

‘ಮಾಜಿ ಸೈನಿಕರು ಮಡಿಕೇರಿಯ ಸೈನಿಕ ಕಲ್ಯಾಣ ಕಚೇರಿಯಲ್ಲಿ ಮರುನೋಂದಣಿ ಮಾಡಿಸದಿದ್ದರೆ ಮೀಸಲು ಪಟ್ಟಿಯಿಂದ ಹೆಸರು ತೆಗೆದು ಪಿಂಚಣಿ ನಿಲ್ಲಿಸುತ್ತಾರೆ’ ಎಂಬ ವಾಟ್ಸಾಪ್ ಸಂದೇಶ ಸುಳ್ಳು. ಮೀಸಲು ಪಟ್ಟಿ ಎಂದರೆ ಬಿಡುಗಡೆಯ ನಂತರವೂ ಅಗತ್ಯ ಬಿದ್ದರೆ ಸೇವೆಗೆ ಕರೆಯಬಹುದಾದವರ ಪಟ್ಟಿ.

ಜವಾನರ ಸೇವಾ ದಾಖಲೆ ಇರುವುದು ಆಯಾ ರೆಜಿಮೆಂಟ್ ಅಥವಾ ವಿಭಾಗದ ರೆಕಾರ್ಡ್ ಆಫೀಸಿನಲ್ಲಿ. ಮದ್ರಾಸ್ ರೆಜಿಮೆಂಟಿನದು ತಮಿಳುನಾಡಿನ ವೆಲ್ಲಿಂಗ್ಟನ್‌ನಲ್ಲಿದೆ, ಸೇನೆಯ ಯಂತ್ರೋಪಕರಣ ನೋಡಿಕೊಳ್ಳುವ ಇಎಂಇ ವಿಭಾಗದ್ದು ಸಿಕಂದರಾಬಾದಿನಲ್ಲಿ. ಮೀಸಲಿಗೆ ವರ್ಗವೋ ಅಲ್ಲವೋ ಎಂಬುದು ಬಿಡುಗಡೆಯ ಹೊತ್ತಿಗೇ ತೀರ್ಮಾನವಾಗಿ ಡಿಸ್ಚಾರ್ಜ್ ಬುಕ್ಕಿನಲ್ಲಿ (ಬಿಡುಗಡೆಯಾದಾಗ ಕೊಡುವ ಸೇವಾ ಪುಸ್ತಕ) ನಮೂದಾಗಿರುತ್ತದೆ. ಪಿಂಚಣಿ ನಿಲ್ಲುವುದು ಹೆಚ್ಚಾಗಿ ವರ್ಷಕ್ಕೊಮ್ಮೆ ಕೊಡಬೇಕಾದ ಜೀವಿತ ಪ್ರಮಾಣಪತ್ರ ತಪ್ಪಿದಾಗ.

ನಮ್ಮಲ್ಲಿ ನಿಜವಾದ ತೊಡಕು ಹೆಸರಿನದು. ಡಿಸ್ಚಾರ್ಜ್ ಬುಕ್ಕಿನಲ್ಲಿ ಮನೆತನದ ಹೆಸರು ಪೂರ್ತಿ, ಆಧಾರ್‌ನಲ್ಲಿ ಬರೀ ಇನಿಶಿಯಲ್. ಹೆಂಡತಿಯ ಹೆಸರೂ ಹಾಗೆಯೇ. ಕುಟುಂಬ ಪಿಂಚಣಿ ಸಿಕ್ಕಿಕೊಳ್ಳುವುದು ಇಲ್ಲೇ. ಸೈನಿಕರು ಬದುಕಿರುವಾಗಲೇ ಸೇವಾ ಸಂಖ್ಯೆ, ಪಿಪಿಒ (ಪಿಂಚಣಿ ಪಾವತಿ ಆದೇಶ) ಪ್ರತಿ, ಅಫಿಡವಿಟ್ ಸಮೇತ ರೆಕಾರ್ಡ್ ಆಫೀಸಿಗೆ ಅರ್ಜಿ ಹಾಕಿ ತಿದ್ದಿಸಿಕೊಳ್ಳಲಿ, ದಯವಿಟ್ಟು ಮುಂದೂಡಬೇಡಿ. ಮಡಿಕೇರಿ ಕಚೇರಿ ಅರ್ಜಿಗೆ ನೆರವಾಗುತ್ತದೆ, ಸೇವಾ ದಾಖಲೆ ತಿದ್ದುವುದಿಲ್ಲ. ಇಂಥ ಸಂದೇಶಗಳ ಲಿಂಕ್ ಒತ್ತಿ ಒಟಿಪಿ ಕೊಡಬೇಡಿ.